ಭತ್ತದ ಗದ್ದೆಯಲ್ಲಿ ಮೀನು: ಕಂದಕ ತೋಡುವ ಮೊದಲು ಲೆಕ್ಕ ಹಾಕಿ

ಒಂದೇ ನೀರಿನಲ್ಲಿ ಎರಡು ಬೆಳೆ ಎಂಬುದು ಸುಳ್ಳಲ್ಲ. ಅರುಣಾಚಲದ ಝಿರೊ ಕಣಿವೆಯ ಅಪತಾನಿ ರೈತರು ಭತ್ತದ ಜೊತೆಗೇ ಗೆಂಡೆ ಮೀನು ಸಾಕುತ್ತಾರೆ. ಆದರೆ ತೀರ್ಥಹಳ್ಳಿ, ಹೊಸನಗರದ ಮಳೆಗೆ ಕೊಚ್ಚಿಹೋಗದೆ ಎಷ್ಟು ಮರಿ ಉಳಿಯುತ್ತವೆ ಎಂಬುದರ ಮೇಲೆಯೇ ಇಲ್ಲಿನ ಲಾಭ ನಿಂತಿದೆ.

ಮೊದಲು ಗದ್ದೆ ಆರಿಸಿ. ಹಳ್ಳದ ಪಕ್ಕದ ತಗ್ಗು ಗದ್ದೆ ಬೇಡ. ಮೇಲಿನ ಗದ್ದೆಗಳ ನೀರೆಲ್ಲ ಹಾದುಹೋಗುವ ಜಾಗವೂ ಬೇಡ. ಭತ್ತದ ತಳಿ ದೀರ್ಘಾವಧಿಯದಿರಲಿ.

ಕಂದಕವನ್ನು ಬೇಸಿಗೆಯಲ್ಲೇ ತೋಡಿಸಿ. ಎಕರೆಗೆ 4 ಗುಂಟೆ ಜಾಗ, ಮೂರಡಿ ಆಳ. ನೀರು ಇಳಿದಾಗ, ಬಿಸಿಲೇರಿದಾಗ ಮೀನು ಇಲ್ಲಿಗೆ ಬರುತ್ತವೆ. ತೆಗೆದ ಮಣ್ಣಿನಿಂದ ಅಂಚು ಏರಿಸಿ, ಬಡಿದು ಗಟ್ಟಿ ಮಾಡಿ. ಏಡಿ ಕೊರೆದ ತೂತು ಬೆರಳು ಹೋಗುವಷ್ಟಿದ್ದರೂ ನೀರು ಅದನ್ನು ಹಿಗ್ಗಿಸುತ್ತದೆ. ಅಂಚಿನ ಹೊರಮೈಯಲ್ಲಿ ಕೆಂಪು ನೀರು ಒಸರುವುದು ಕಂಡ ತಕ್ಷಣ ಕೆಸರು ಮೆತ್ತಿ ಮುಚ್ಚಿ. ನೀರು ಹೊರಹೋಗುವ ಕಡೆ ಬಿದಿರಿನ ಜಾಲರಿ ಬೇಕು. ಜಾಲರಿಗೆ ದರಗು ಕಟ್ಟಿಕೊಂಡರೆ ನೀರು ಅಂಚು ಹತ್ತಿ ಹರಿದು, ಜೊತೆಗೆ ಮೀನೂ ಹೋಗುತ್ತವೆ. ಜೋರು ಮಳೆಯಲ್ಲಿ ದಿನಕ್ಕೆ ಎರಡು ಸಲವಾದರೂ ಬಳಿದು ತೆಗೆಯಿರಿ.

ಮರಿ ಬಿಡಲು ಆತುರ ಬೇಡ. ಸಸಿ ಬೇರು ಕಚ್ಚಿ, ಮಳೆಯ ಆರ್ಭಟ ತಗ್ಗಿದ ಮೇಲೆ ಬೆರಳುದ್ದದ ಮರಿ ಬಿಡಿ. ತೆಳು ನೀರಿಗೆ ಸಾಮಾನ್ಯ ಗೆಂಡೆಯೇ ಒಳ್ಳೆಯದು. ಬೇಗ ಬೆಳೆಯುತ್ತದೆಂದು ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ತರಬೇಡಿ. ತಪ್ಪಿಸಿಕೊಂಡು ಹಳ್ಳ ಸೇರಿದರೆ ಅಲ್ಲಿನ ಮೀನುಗಳನ್ನೇ ತಿಂದುಹಾಕುತ್ತದೆ.

ಗದ್ದೆಗೆ ಕೀಟನಾಶಕ ಹೊಡೆಯುವಂತಿಲ್ಲ. ಇದು ಎಲ್ಲರಿಗೂ ಗೊತ್ತು. ಮರೆಯುವುದು ಮೇಲಿನ ಅಡಿಕೆ ತೋಟವನ್ನು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್ ಇರುತ್ತದೆ, ತಾಮ್ರ ಮೀನಿಗೆ ವಿಷ. ತೋಟದ ಬಸಿಗಾಲುವೆಯನ್ನು ಗದ್ದೆಯಿಂದ ಬೇರೆ ಕಡೆಗೆ ತಿರುಗಿಸಲು ಆಗದಿದ್ದರೆ ಆ ಗದ್ದೆಗೆ ಮೀನು ಬೇಡವೇ ಬೇಡ.

ಕೊಯ್ಲಿಗೆ ಮುಂಚೆ ನೀರನ್ನು ನಿಧಾನವಾಗಿ ಇಳಿಸಿ, ಮೀನು ಕಂದಕ ಸೇರಲಿ. ಭತ್ತ ಮನೆ ಸೇರಿದ ಮೇಲೂ ಕಂದಕದಲ್ಲಿ ನೀರಿರುವ ತನಕ ಮೀನು ಬೆಳೆಯುತ್ತವೆ. ಒಟ್ಟಿಗೆ ಹಿಡಿದು ಏಜೆಂಟರಿಗೆ ಹಾಕುವ ಬದಲು ಸಂತೆಯ ದಿನ ಬೇಕಾದಷ್ಟೇ ಹಿಡಿದು ಜೀವಂತ ಮಾರಿ.

ಈಗ ಲೆಕ್ಕ. ದರಗಳನ್ನು ನಿಮ್ಮ ಊರಿನದಕ್ಕೆ ಬದಲಿಸಿಕೊಳ್ಳಿ. ಎಕರೆಗೆ 18 ಕ್ವಿಂಟಲ್ ಭತ್ತ ಬರುವಲ್ಲಿ 4 ಗುಂಟೆ ಬಿಟ್ಟರೆ 1.8 ಕ್ವಿಂಟಲ್ ಹೋಯಿತು. 2025–26ರ ಬೆಂಬಲ ಬೆಲೆ 2,369 ರೂಪಾಯಿಯಂತೆ ಸುಮಾರು 4,300. ಸಾವಿರ ಮರಿಗೆ 4,000, ತೌಡು–ಹಿಂಡಿಗೆ 3,000, ಬಲೆ–ಜಾಲರಿಗೆ 2,500 ಎಂದಿಟ್ಟುಕೊಳ್ಳಿ. ಒಟ್ಟು 13,800.

ಅರ್ಧ ಮರಿ ಉಳಿದು ತಲಾ ಕಾಲು ಕಿಲೋ ತೂಗಿದರೆ 125 ಕಿಲೋ. ಕಿಲೋಗೆ 130ರಂತೆ 16,250. ಕೈಯಲ್ಲಿ ಉಳಿಯುವುದು 2,450. ಏಳುನೂರು ಉಳಿದರೆ 8,950. ಮುನ್ನೂರೇ ಉಳಿದರೆ 4,050 ನಷ್ಟ. ಜೆಸಿಬಿಗೆ ಗಂಟೆಗೆ 1,200ರಂತೆ ಹನ್ನೆರಡು ಗಂಟೆಯ ಕೆಲಸವಾದರೆ 14,400. ಅರ್ಧ ಮರಿ ಉಳಿಯುವ ಗದ್ದೆಯಲ್ಲಿ ಆ ದುಡ್ಡು ವಾಪಸ್ಸಾಗಲು ಆರು ವರ್ಷ ಬೇಕು, ಏಳುನೂರು ಉಳಿಯುವಲ್ಲಿ ಎರಡೇ ವರ್ಷ ಸಾಕು.

ಗದ್ದೆಗೆ ತಾಗಿ ಕೃಷಿ ಹೊಂಡ ಇದ್ದವರು ಅದೃಷ್ಟವಂತರು. ಹೊಂಡಕ್ಕೂ ಗದ್ದೆಗೂ ಒಂದು ಕಾಲುವೆ ಕಡಿದರೆ ಮುಗಿಯಿತು: ಜೆಸಿಬಿ ಖರ್ಚೂ ಇಲ್ಲ, ಭತ್ತದ ಜಾಗವೂ ಹೆಚ್ಚು ಹೋಗದು. ಊರಿನಲ್ಲಿ ಅಂಥ ಗದ್ದೆ ಯಾರದ್ದಿದೆಯೋ ಅವರೇ ಈ ವರ್ಷ ಶುರು ಮಾಡಲಿ.