ಪಾಲಕ್ ಎಲೆ ಮುಳುಗಿಸಿ, ಬೆಳಕಿನಿಂದ ಮೇಲೆತ್ತಿದ್ದು

ಗಿಡ ಬೆಳಕಿನಿಂದ ಆಹಾರ ತಯಾರಿಸಿ ಆಮ್ಲಜನಕ ಬಿಡುವ ದ್ಯುತಿಸಂಶ್ಲೇಷಣೆ ಅಂದರೆ ಬೋರ್ಡ್ ಮೇಲಿನ ಒಂದು ಸಮೀಕರಣ, ಅಷ್ಟೇ ಅಂದುಕೊಳ್ಳುವ ಮಕ್ಕಳೇ ಜಾಸ್ತಿ. ಅದನ್ನು ಕಣ್ಣಾರೆ ತೋರಿಸಲು ನಾನು ಬಳಸುವುದು ಪಾಲಕ್ ಎಲೆ, ಸೂಜಿ ಇಲ್ಲದ ಸಿರಿಂಜ್, ಅಡುಗೆ ಸೋಡಾ. ಮೈಕ್ರೋಸ್ಕೋಪ್ ಬೇಡ.

ಕಾಗದಕ್ಕೆ ತೂತು ಹಾಕುವ ಪಂಚ್‌ನಿಂದ ಎಲೆಯಲ್ಲಿ ಹತ್ತು ಬಿಲ್ಲೆ ಕತ್ತರಿಸುತ್ತೇನೆ, ದಪ್ಪ ನರ ಬಿಟ್ಟು. 300 ಮಿಲಿ ನೀರಿಗೆ ಸುಮಾರು ಅರ್ಧ ಗ್ರಾಂ ಸೋಡಾ ಸಾಕು. ಎಲೆಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಅದರಿಂದ ಸಿಗುತ್ತದೆ. ಎಲೆಯ ಮೇಣದ ಪದರಕ್ಕೆ ನೀರು ಅಂಟುವುದಿಲ್ಲ, ಹಾಗಾಗಿ ಒಂದು ಹನಿ ಪಾತ್ರೆ ತೊಳೆಯುವ ಸೋಪನ್ನೂ ಬೆರೆಸುತ್ತೇನೆ. ನೊರೆ ಬರಬಾರದು.

ನನಗೆ ಇಷ್ಟವಾದ ಘಟ್ಟ ಸಿರಿಂಜಿನದ್ದು. ಬಿಲ್ಲೆಗಳನ್ನೂ ಸ್ವಲ್ಪ ದ್ರಾವಣವನ್ನೂ ಒಳಗೆ ಹಾಕಿ, ಗಾಳಿ ಹೊರಗೆ ತಳ್ಳಿ, ತುದಿಗೆ ಬೆರಳು ಒತ್ತಿ ಹಿಡಿದು ಪಿಸ್ಟನ್ ಹಿಂದಕ್ಕೆ ಎಳೆಯಬೇಕು. ಬಿಲ್ಲೆಯ ಅಂಚಿನಿಂದ ಸಣ್ಣ ಗುಳ್ಳೆಗಳು ಹೊರಡುತ್ತವೆ. ಹತ್ತು ಸೆಕೆಂಡ್ ಬಿಟ್ಟು ಬೆರಳು ತೆಗೆದರೆ ಗಾಳಿ ಇದ್ದ ಜಾಗಕ್ಕೆ ನೀರು ನುಗ್ಗುತ್ತದೆ. ತಿಳಿ ಹಸಿರಿದ್ದ ಬಿಲ್ಲೆ ಕಡು ಹಸಿರಾಗಿ ತಳ ಸೇರುತ್ತದೆ. ಎರಡು ಮೂರು ಸಲ ಎಳೆಯಬೇಕಾಗಬಹುದು.

ಎಲೆಯೊಳಗೆ ಅಷ್ಟು ಗಾಳಿ ಎಲ್ಲಿತ್ತು? ಮೇಲ್ಪದರದ ಕೆಳಗೆ ಕಂಬದಂಥ ಕೋಶಗಳು ಒತ್ತಾಗಿ ನಿಂತಿರುತ್ತವೆ. ಅವುಗಳ ಕೆಳಗಿನ ಕೋಶಗಳು ಸ್ಪಂಜಿನ ಹಾಗೆ ಸಡಿಲ. ಅವುಗಳ ನಡುವೆ ಬರೀ ಗಾಳಿ. ಈ ಖಾಲಿ ಜಾಗ ಎಲೆಯ ಮೇಲ್ಮೈಯ ಸೂಕ್ಷ್ಮ ತೂತುಗಳಾದ ಪತ್ರರಂಧ್ರಗಳ ಮೂಲಕ ಹೊರಗಿನ ಗಾಳಿಗೆ ತೆರೆದುಕೊಂಡಿರುತ್ತದೆ. ಇದನ್ನು ಚಿತ್ರದಲ್ಲಿ ಎಷ್ಟು ಸಲ ತೋರಿಸಿದರೂ ಸಿರಿಂಜ್ ತೋರಿಸಿದಷ್ಟು ಮನಸ್ಸಿಗೆ ನಾಟುವುದಿಲ್ಲ.

ಈಗ ಬಿಲ್ಲೆಗಳನ್ನು ದ್ರಾವಣದ ಲೋಟಕ್ಕೆ ಸುರಿದು ಎಲ್ಇಡಿ ದೀಪದ ಕೆಳಗೆ ಇಡುತ್ತೇನೆ. ಹಳೆಯ ಬಲ್ಬ್ ನೀರನ್ನು ಬಿಸಿ ಮಾಡುತ್ತದೆ. ಕೆಲವು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಒಂದು ಬಿಲ್ಲೆ ಅಂಚಿನ ಮೇಲೆ ಎದ್ದು ನಿಂತು, ಓಲಾಡಿ, ಸರ್ರನೆ ಮೇಲೇರುತ್ತದೆ. ಒಳಗೆ ತಯಾರಾದ ಆಮ್ಲಜನಕ ಮತ್ತೆ ಅದೇ ಖಾಲಿ ಜಾಗ ತುಂಬಿಕೊಂಡಿದೆ. ಎಲ್ಲವೂ ಒಟ್ಟಿಗೆ ಏಳುವುದಿಲ್ಲ, ಹಾಗಾಗಿ ಹತ್ತರಲ್ಲಿ ಐದು ತೇಲಲು ಹಿಡಿದ ಸಮಯ ಬರೆದುಕೊಳ್ಳುತ್ತೇನೆ. ದೀಪ ದೂರ ಸರಿಸಿದರೆ ಆ ಸಮಯ ಉದ್ದವಾಗುತ್ತದೆ. ಪಕ್ಕದಲ್ಲಿ ಸೋಡಾ ಇಲ್ಲದ ಲೋಟವೂ ಇರಲಿ. ಅದರ ಬಿಲ್ಲೆಗಳು ಸುಮ್ನೆ ತಳದಲ್ಲೇ ಕೂತಿರುತ್ತವೆ.

ನೀರಲ್ಲಿ ಮುಳುಗಿದ ಎಲೆ ಬಿಸಿಲಿನಲ್ಲಿ ಮಾತ್ರ ಗುಳ್ಳೆ ಬಿಡುತ್ತದೆ ಎಂದು 1779ರಲ್ಲೇ ಡಚ್ ವೈದ್ಯ, ವಿಜ್ಞಾನಿ ಯಾನ್ ಇಂಗೆನ್‌ಹೌಸ್ ಬರೆದಿದ್ದರು. ಅವರ ಪ್ರಯೋಗದಲ್ಲಿ ಸಿರಿಂಜ್ ಇರಲಿಲ್ಲ, ಅಷ್ಟೇ.

ತೇಲಿದ ಲೋಟವನ್ನು ಕತ್ತಲಲ್ಲಿಟ್ಟರೆ ಬಿಲ್ಲೆಗಳು ನಿಧಾನವಾಗಿ ಮತ್ತೆ ಮುಳುಗುತ್ತವೆ. ಉಸಿರಾಟಕ್ಕೆ ಆಮ್ಲಜನಕ ಖರ್ಚಾಗುತ್ತದಲ್ವಾ! ಗಿಡ ಹಗಲಲ್ಲೂ ಉಸಿರಾಡುತ್ತದೆ, ತಯಾರಿಕೆ ಅದಕ್ಕಿಂತ ಜಾಸ್ತಿ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಇದಕ್ಕೆ ತುಂಬಾ ಹೊತ್ತು ಬೇಕು, ತರಗತಿಯ ಶುರುವಲ್ಲೇ ಒಂದು ಲೋಟ ತೇಲಿಸಿ ಮುಚ್ಚಿಡಿ. ಕೂದಲಿರುವ ಎಲೆ ಮಾತ್ರ ಬೇಡ. ಅದರ ಮೇಲ್ಮೈಗೆ ಗಾಳಿ ಅಂಟಿಕೊಂಡು ಮುಳುಗಿಸುವುದೇ ಕಷ್ಟ.