ಸರಕು ಹೊರಡುವ ಮೊದಲೇ ಕಸ್ಟಮ್ಸ್ ಕಡತ ಸಿದ್ಧ ಮಾಡಿಕೊಳ್ಳಿ

ಆಮದು ಮಾಡುವವರು ನನ್ನ ಹತ್ತಿರ ಬರುವುದು ಹೆಚ್ಚಾಗಿ ನೋಟಿಸ್ ಕೈಗೆ ಬಂದ ಮೇಲೆ. ಆಗ ಫೀಸೂ ಜಾಸ್ತಿ, ದಾರಿಗಳೂ ಕಡಿಮೆ. ಮೊದಲೇ ಬಂದರೆ ನಾನು ಕೇಳುವುದು ಇನ್‌ವಾಯ್ಸ್ ಅಲ್ಲ, ಸ್ಯಾಂಪಲ್. ಅದು ಯಾವುದರಿಂದ ಮಾಡಿದ್ದು, ಏನು ಕೆಲಸಕ್ಕೆ, ಹೇಗೆ ಪ್ಯಾಕ್ ಆಗಿ ಬರುತ್ತದೆ ಅಂತ ನೋಡಬೇಕು.

ಸರಕು ಯಾವ ವರ್ಗಕ್ಕೆ ಸೇರುತ್ತದೆ ಅಂತ ಕಸ್ಟಮ್ಸ್‌ಗೆ ಹೇಳುವ ಸಂಖ್ಯೆಯೇ ಎಚ್‌ಎಸ್ ಕೋಡು. ಅದರ ಮೊದಲ 6 ಅಂಕಿಗಳು ಆ ಪದ್ಧತಿ ಬಳಸುವ ದೇಶಗಳಿಗೆಲ್ಲ ಒಂದೇ. ಮುಂದಿನವು ಆಯಾ ದೇಶದವು. ಹಾಗಾಗಿ ಮಾರುವವರು ಬರೆದ ಕೋಡನ್ನು ಸುಮ್ನೆ ನಕಲು ಮಾಡಬೇಡಿ. ಸುಂಕದ ಪಟ್ಟಿಯಲ್ಲಿರುವ ವಿಭಾಗ ಮತ್ತು ಅಧ್ಯಾಯಗಳ ಟಿಪ್ಪಣಿಗಳನ್ನು ಮೊದಲು ಓದಿ. ಬೇಜಾರಿನ ಓದು, ನಿಜ. ಆದರೆ ಜಗಳ ತೀರುವುದು ಅಲ್ಲೇ. ಪ್ಲಾಸ್ಟಿಕ್ ಗೊಂಬೆ ಪ್ಲಾಸ್ಟಿಕ್‌ನ 39ನೇ ಅಧ್ಯಾಯಕ್ಕೆ ಹೋಗಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಆಟಿಕೆಗಳು ಇಲ್ಲಿ ಸೇರುವುದಿಲ್ಲ ಅಂತ ಆ ಅಧ್ಯಾಯದ ಟಿಪ್ಪಣಿಯೇ ಹೇಳುತ್ತದೆ. ಅದರ ಜಾಗ 95ನೇ ಅಧ್ಯಾಯ. ಹಲವು ವಸ್ತುಗಳು ಚಿಲ್ಲರೆ ಮಾರಾಟದ ಸೆಟ್ ಆಗಿ ಬಂದರೆ, ಸೆಟ್ಟಿಗೆ ಮುಖ್ಯ ಗುಣ ಕೊಡುವ ವಸ್ತು ಯಾವುದು ಅಂತ ನೋಡಿ; ಕೋಡು ಅದರದ್ದೇ.

ಇನ್ನು ಸುಂಕದ ಲೆಕ್ಕಕ್ಕೆ ಹಿಡಿಯುವ ಬೆಲೆ. ಇನ್‌ವಾಯ್ಸ್ ಮೊತ್ತವೇ ಕೊನೆಯ ಮಾತಲ್ಲ. ತಯಾರಕರಿಗೆ ನೀವು ಅಚ್ಚನ್ನು ಪುಕ್ಕಟೆ ಕೊಟ್ಟಿದ್ದರೆ ಅದರ ಪಾಲೂ ಸೇರಬೇಕು. ಮಾರಾಟದ ಷರತ್ತಾಗಿ ಆ ಸರಕಿನ ಮೇಲೆ ಕೊಡುವ ರಾಯಲ್ಟಿಯೂ ಅಷ್ಟೇ. ಇದನ್ನು ಕೇಳಬೇಕಾದದ್ದು ಅಕೌಂಟ್ಸ್ ವಿಭಾಗವನ್ನು. ಖರೀದಿ ವಿಭಾಗಕ್ಕೆ ಹಲವು ಸಲ ಗೊತ್ತೇ ಇರುವುದಿಲ್ಲ.

ಕೋಡಿನ ಬಗ್ಗೆ ಅನುಮಾನ ಉಳಿದರೆ ಇಲಾಖೆಯಿಂದ ಮುಂಗಡ ತೀರ್ಮಾನ (ಅಡ್ವಾನ್ಸ್ ರೂಲಿಂಗ್, ಅಂದರೆ ಸರಕು ತರಿಸುವ ಮೊದಲೇ ಕೊಡುವ ನಿರ್ಧಾರ) ಕೇಳಿ. ಅರ್ಜಿಯಲ್ಲಿ ನಿಮಗೆ ಅನುಕೂಲವಲ್ಲದ ಸಂಗತಿಯನ್ನೂ ಬರೆಯಿರಿ. ಮುಚ್ಚಿಟ್ಟರೆ ಆ ತೀರ್ಮಾನ ರದ್ದಾಗಬಹುದು.