ದಾವಣಗೆರೆಯಲ್ಲಿದ್ದು ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಸಂಗೀತವನ್ನು ಅಭ್ಯಾಸ ಮಾಡುವ ಬಗೆ

ಪದವಿ ತರಗತಿಯಲ್ಲಿ ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಓದಲು ಹೊರಟವರ ಕೈಗೆ ಸಾಮಾನ್ಯವಾಗಿ ಮೊದಲು ಬರುವುದು ಪಂಥಗಳ ಪಟ್ಟಿ: ಇಂಪ್ರೆಷನಿಸಂ, ಎಕ್ಸ್‌ಪ್ರೆಷನಿಸಂ, ಸೀರಿಯಲಿಸಂ, ಮಿನಿಮಲಿಸಂ. ಪರೀಕ್ಷೆಗೆ ಈ ಹೆಸರುಗಳು ಬೇಕಾಗುತ್ತವೆ, ನಿಜ. ಆದರೆ ಕೃತಿ ಕಿವಿಗೆ ಬೀಳುವ ಮೊದಲೇ ಅದರ ಪಂಥ ಬಾಯಿಪಾಠವಾಗಿಬಿಟ್ಟರೆ, ಆಮೇಲೆ ಕೇಳುವುದೆಲ್ಲ ಆ ಹೆಸರಿಗೆ ಸಾಕ್ಷಿ ಹುಡುಕುವ ಕೆಲಸವಾಗುತ್ತದೆ. ಸಿಂಫನಿ ಆರ್ಕೆಸ್ಟ್ರಾವನ್ನು ಎದುರಿಗೆ ಕುಳಿತು ಕೇಳುವ ಅವಕಾಶವಿಲ್ಲದ ದಾವಣಗೆರೆಯಂಥ ಊರಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಆದರೂ ಇಲ್ಲಿನ ವಿದ್ಯಾರ್ಥಿಗೆ ಎರಡು ಸಾಧನಗಳು ಸುಲಭವಾಗಿ ದೊರೆಯುತ್ತವೆ. ಒಂದು, ತಾಳ ಹಾಕಿ ಪಳಗಿದ ಕೈ. ಇನ್ನೊಂದು, ಕಂಪನಿ ನಾಟಕಗಳ ಕಾಲದಿಂದ ಈ ಊರಿಗೆ ಪರಿಚಿತವಾದ ಹಾರ್ಮೋನಿಯಂ. ಅಭ್ಯಾಸ ಇವೆರಡರಿಂದಲೇ ಆರಂಭವಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಸೆಮಿಸ್ಟರಿಗೆ ಆರು ಕೃತಿಗಳು ಸಾಕು, ಒಂದೊಂದಕ್ಕೆ ಎರಡು ವಾರ. ಮೊದಲ ಮೂರು ದಿನ ಪುಸ್ತಕ ತೆರೆಯದೆ ಬರೀ ಕೇಳಬೇಕು, ಕೇಳಿದ್ದನ್ನು ಕನ್ನಡದಲ್ಲಿಯೇ ಬರೆದಿಡಬೇಕು. ಶತಮಾನ ಹುಟ್ಟುವ ಮೊದಲೇ, 1894ರಲ್ಲಿ, ಪ್ಯಾರಿಸ್ಸಿನಲ್ಲಿ ಪ್ರಥಮ ಪ್ರದರ್ಶನ ಕಂಡ, ಫ್ರೆಂಚ್ ರಚನಕಾರ ಡೆಬ್ಯುಸಿಯ ‘ಪ್ರೆಲ್ಯೂಡ್ ಟು ದಿ ಆಫ್ಟರ್‌ನೂನ್ ಆಫ್ ಎ ಫಾನ್’ನಿಂದ ಆರಂಭಿಸುವುದು ಒಳ್ಳೆಯದು. ಕೊಳಲೊಂದು ಒಂಟಿಯಾಗಿ ಒಂದು ಸ್ವರದಿಂದ ಜಾರುತ್ತಾ ಇಳಿದು ಮತ್ತೆ ಅಲ್ಲಿಗೇ ಏರುತ್ತದೆ. ಆ ಇಳಿತದ ಎರಡು ತುದಿಗಳ ಅಂತರ ಷಡ್ಜದಿಂದ ಪ್ರತಿ ಮಧ್ಯಮಕ್ಕಿರುವಷ್ಟು. ಯಾವುದು ಆಧಾರ ಷಡ್ಜವೆಂದು ಕಿವಿ ತಡಕಾಡಿ ಸೋಲುತ್ತದೆ, ಮತ್ತು ಆ ಸೋಲನ್ನೇ ಮೊದಲ ದಿನದ ಟಿಪ್ಪಣಿಯಾಗಿ ಬರೆಯಬೇಕು.

ಎರಡನೆಯದು ಬಾರ್ಟೋಕ್. ಹಂಗೇರಿಯ ಈ ಸಂಗೀತಗಾರ ಹಳ್ಳಿಗಳನ್ನು ಸುತ್ತಿ, ಮೇಣದ ಸಿಲಿಂಡರುಗಳಲ್ಲಿ ಜನಪದ ಗೀತೆಗಳನ್ನು ಧ್ವನಿಮುದ್ರಿಸಿಕೊಂಡವನು. ಅವನ ‘ಮೈಕ್ರೊಕಾಸ್ಮೊಸ್’ನ 153 ಪಿಯಾನೊ ರಚನೆಗಳಲ್ಲಿ ಕೊನೆಯ ಆರು ಬಲ್ಗೇರಿಯದ ಲಯದಲ್ಲಿವೆ. 149ನೆಯದರ ಏಳು ಮಾತ್ರೆಗಳು 2+2+3 ಎಂದು ಒಡೆಯುತ್ತವೆ. ಮಿಶ್ರ ಚಾಪನ್ನು ‘ತಕಿಟ ತಕದಿಮಿ’ ಎಂದು ಹೇಳಿ ರೂಢಿಯಿರುವವರು ಇಲ್ಲಿ ‘ತಕದಿಮಿ ತಕಿಟ’ ಎಂದು ತಿರುಗಿಸಿ ಹೇಳಿಕೊಂಡರೆ ಸಾಕು, ಬೇರೆಡೆಯ ವಿದ್ಯಾರ್ಥಿಗಳು ವಾರಗಟ್ಟಲೆ ಎಣಿಸಿ ಕಲಿಯುವ ನಡೆ ಒಂದೇ ಸಂಜೆಯಲ್ಲಿ ಕೈಗೆ ಕೂರುತ್ತದೆ.

ಶೋನ್‌ಬರ್ಗನ ಹನ್ನೆರಡು ಸ್ವರಗಳ ಪದ್ಧತಿಗೆ, ಅಂದರೆ ಹನ್ನೆರಡು ಸ್ವರಗಳನ್ನೂ ಒಂದೊಂದೇ ಸಲ ಬರುವಂತೆ ಸಾಲಾಗಿ ಜೋಡಿಸಿ ಆ ಸಾಲಿನಿಂದ ಕೃತಿ ಕಟ್ಟುವ ವಿಧಾನಕ್ಕೆ, ಬಂದಾಗ ಹಾರ್ಮೋನಿಯಂ ಮುಂದೆ ಕುಳಿತುಕೊಳ್ಳಿ, ಆದರೆ ಶ್ರುತಿಪೆಟ್ಟಿಗೆಯನ್ನು ನಿಲ್ಲಿಸಿಬಿಡಿ. ಸರಿಗಮದ ಹೆಸರುಗಳನ್ನೂ ಬದಿಗಿಡಿ, ಏಕೆಂದರೆ ‘ಸ’ ಎಂದು ಹೇಳಿದ ಕೂಡಲೇ ಈ ಸಂಗೀತ ಒಪ್ಪದ ಕೇಂದ್ರವೊಂದು ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ. ‘ಸಿ’ ಮನೆಯನ್ನು 0 ಎಂದಿಟ್ಟುಕೊಂಡು ಬಿಳಿ, ಕಪ್ಪು ಎರಡೂ ಸೇರಿ 11ರವರೆಗೆ ಎಣಿಸಿ, ಅವನ ಓಪಸ್ 25 ಪಿಯಾನೊ ಸ್ವೀಟ್‌ನ ಸಾಲನ್ನು ನುಡಿಸಿ: 4, 5, 7, 1, 6, 3, 8, 2, 11, 0, 9, 10. ಯಾವ ಸ್ವರವೂ ಎರಡು ಸಲ ಬರುವುದಿಲ್ಲ. ಇನ್ನು ಏರುವಲ್ಲಿ ಅಷ್ಟೇ ಇಳಿದು, ಇಳಿಯುವಲ್ಲಿ ಅಷ್ಟೇ ಏರಿದರೆ (0ಗಿಂತ ಕೆಳಗೆ ಹೋದರೆ 12 ಕೂಡಿಸಿ, 11 ದಾಟಿದರೆ 12 ಕಳೆಯಿರಿ) 4, 3, 1, 7, 2, 5, 0, 6, 9, 8, 11, 10 ಆಗುತ್ತದೆ. ಎರಡೂ ಸಾಲುಗಳು 4ರಿಂದ ಹೊರಟು 10ರಲ್ಲಿ ನಿಲ್ಲುವುದು ಆಕಸ್ಮಿಕವಲ್ಲ: ಇವೆರಡರ ಅಂತರ ಹನ್ನೆರಡರ ಅರ್ಧವಾದ ಆರು, ಆದ್ದರಿಂದ 4ರಿಂದ ಏರಿದರೂ ಇಳಿದರೂ ಸಿಗುವುದು ಅದೇ ಸ್ವರ. ಮೂಲ ಸಾಲಿನ ಕೊನೆಯ ನಾಲ್ಕು ಸ್ವರಗಳನ್ನು ಹಿಂದಿನಿಂದ ಓದಿದರೆ, ಜರ್ಮನ್ ಸ್ವರನಾಮಗಳಲ್ಲಿ ಬಾಖ್‌ನ ಹೆಸರಿನ ನಾಲ್ಕು ಅಕ್ಷರಗಳು ಸಿಗುತ್ತವೆ: 10, 9, 0, 11 ಅಂದರೆ B, A, C, H. ಇದನ್ನು ಪುಸ್ತಕದಲ್ಲಿ ಓದಿ ತಿಳಿಯುವುದಕ್ಕೂ ಬೆರಳಿನಿಂದ ಕಂಡುಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಮೆಸಿಯಾನ್‌ಗೆ ಮಾತ್ರ ಎರಡಲ್ಲ, ಮೂರು ವಾರ ಕೊಡಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರ ಯುದ್ಧಕೈದಿಯಾಗಿದ್ದ ಈ ಫ್ರೆಂಚ್ ರಚನಕಾರನ ‘ಕ್ವಾರ್ಟೆಟ್ ಫಾರ್ ದಿ ಎಂಡ್ ಆಫ್ ಟೈಮ್’ 1941ರ ಜನವರಿ 15ರಂದು ಗೋರ್ಲಿಟ್ಸ್‌ನ ಶಿಬಿರದಲ್ಲಿ ಮೊದಲು ನುಡಿಯಿತು. ಕ್ಲಾರಿನೆಟ್, ಪಿಟೀಲು, ಚೆಲ್ಲೊ, ಪಿಯಾನೊ ಎಂಬ ನಾಲ್ಕೇ ವಾದ್ಯಗಳು. ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ಹದಿಮೂರನೆಯ ಶತಮಾನದ ‘ಸಂಗೀತ ರತ್ನಾಕರ’ದಲ್ಲಿ ಕೊಟ್ಟ 120 ದೇಶೀ ತಾಳಗಳ ಪಟ್ಟಿಯನ್ನು ಮೆಸಿಯಾನ್ ಫ್ರೆಂಚ್ ವಿಶ್ವಕೋಶವೊಂದರಲ್ಲಿ ಕಂಡಿದ್ದ. ಮೊದಲ ಭಾಗದ ಪಿಯಾನೊದಲ್ಲಿ ರಾಗವರ್ಧನ, ಚಂದ್ರಕಳಾ, ಲಕ್ಷ್ಮೀಶ ತಾಳಗಳನ್ನು ಜೋಡಿಸಿದ 17 ಕಾಲಪ್ರಮಾಣಗಳು ಮರುಕಳಿಸುತ್ತಿರುತ್ತವೆ. ಅವುಗಳ ಮೇಲೆ 29 ಸ್ವರಗುಚ್ಛಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳ, ಇನ್ನೊಂದು ಚಕ್ರ ತಿರುಗುತ್ತಿರುತ್ತದೆ. ಎರಡೂ ಮತ್ತೆ ಒಟ್ಟಿಗೆ ಆರಂಭವಾಗಲು 493 ಗುಚ್ಛಗಳು ಮುಗಿಯಬೇಕು, ಆದರೆ ಸುಮಾರು ಮೂರು ನಿಮಿಷದ ಆ ಭಾಗ ಅಷ್ಟು ದೂರ ಸಾಗುವುದೇ ಇಲ್ಲ. ಕೊನೆಯಿಲ್ಲದ ಕಾಲದ ಒಂದು ತುಣುಕಷ್ಟೇ ನಮಗೆ ಕೇಳಿಸುತ್ತದೆ. ಇದನ್ನು ಅರಿಯಲು ಸಣ್ಣ ಅಭ್ಯಾಸವೊಂದಿದೆ: ಛಂದಸ್ಸಿನ ಭಗಣವನ್ನು, ಅಂದರೆ ಗುರು-ಲಘು-ಲಘುವನ್ನು, ಮತ್ತೆ ಮತ್ತೆ ಹೇಳುತ್ತಾ ಅದರ ಮೇಲೆ ಸ, ರಿ, ಗ, ಮ ಎಂಬ ನಾಲ್ಕು ಸ್ವರಗಳನ್ನು ಸರದಿಯಂತೆ ಹಾಡಬೇಕು. ಹನ್ನೆರಡು ಸ್ವರಗಳಾದ ಮೇಲೆ ಗುರುವೂ ‘ಸ’ವೂ ಮತ್ತೆ ಒಟ್ಟಾಗುತ್ತವೆ.

ಆದರೆ ಇಲ್ಲಿಯೇ ಎಚ್ಚರವೂ ಬೇಕು. ಹೆಸರು ನಮ್ಮದೆಂದು ಸಂತೋಷಪಟ್ಟು ಇದನ್ನು ನಮ್ಮ ತಾಳವೆಂದು ಉತ್ತರಪತ್ರಿಕೆಯಲ್ಲಿ ಬರೆದರೆ ತಪ್ಪಾಗುತ್ತದೆ. ಮೆಸಿಯಾನ್‌ನಲ್ಲಿ ಕೈಯಲ್ಲಿ ಹಾಕುವ ಆವರ್ತವಿಲ್ಲ, ಆವರ್ತದಲ್ಲಿ ಹಾಡು ಆರಂಭವಾಗುವ ಜಾಗವಾದ ಎಡುಪಿಲ್ಲ. ತಾಳ ಅವನಿಗೆ ಕಾಲಪ್ರಮಾಣಗಳ ಸಾಲು ಮಾತ್ರ. ಅಮೆರಿಕದ ರಚನಕಾರ ಜಾನ್ ಕೇಜ್ 1946ರಿಂದ 1948ರವರೆಗೆ ರಚಿಸಿದ ‘ಸೊನಾಟಾಸ್ ಅಂಡ್ ಇಂಟರ್‌ಲೂಡ್ಸ್’ನ ಹಿಂದಿರುವ ರಸಸಿದ್ಧಾಂತಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹೋಲಿಕೆ ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಪ್ರತಿ ಕೃತಿಗೂ ಒಂದು ಪುಟ ಬರೆಯಿರಿ. ಒಳ್ಳೆಯ ಪ್ರಬಂಧದ ತಿರುಳು ಬಹುತೇಕ ಅಲ್ಲಿಯೇ ಸಿಗುತ್ತದೆ.

ಸ್ವರಲಿಪಿಯ ವಿಷಯ ಚಿಕ್ಕದು. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ರಚನಕಾರನ ಮರಣಾನಂತರ 60 ವರ್ಷ ಇರುತ್ತದೆ. ಆದ್ದರಿಂದ 1918ರಲ್ಲಿ ತೀರಿಕೊಂಡ ಡೆಬ್ಯುಸಿ, 1945ರಲ್ಲಿ ತೀರಿಕೊಂಡ ಬಾರ್ಟೋಕ್, 1951ರಲ್ಲಿ ತೀರಿಕೊಂಡ ಶೋನ್‌ಬರ್ಗ್ ಇವರ ಕೃತಿಗಳು ಈಗ ಮುಕ್ತ. 1971ರಲ್ಲಿ ತೀರಿಕೊಂಡ ರಷ್ಯಾ ಮೂಲದ ರಚನಕಾರ ಸ್ಟ್ರಾವಿನ್‌ಸ್ಕಿ, 1992ರಲ್ಲಿ ತೀರಿಕೊಂಡ ಮೆಸಿಯಾನ್ ಮತ್ತು ಕೇಜ್ ಇವರ ಸ್ವರಲಿಪಿಗಳನ್ನು ಕೊಳ್ಳಬೇಕು, ಇಲ್ಲವೇ ಕಾಲೇಜಿನ ಗ್ರಂಥಾಲಯಕ್ಕೆ ತರಿಸಿಕೊಡಲು ಕೇಳಬೇಕು. ವರ್ಷಕ್ಕೊಮ್ಮೆಯಾದರೂ ಬೆಂಗಳೂರಿಗೆ ಹೋಗಿ ಪಿಟೀಲು, ಚೆಲ್ಲೊಗಳ ನಾದವನ್ನು ಧ್ವನಿವರ್ಧಕವಿಲ್ಲದೆ ಕೇಳಿಬನ್ನಿ.

ಕೊನೆಯ ಕೃತಿಗೆ ವಾದ್ಯವೇ ಬೇಡ, ಒಬ್ಬ ಸಹಪಾಠಿ ಸಾಕು. ಸ್ಟೀವ್ ರೈಕ್ 1972ರಲ್ಲಿ ರಚಿಸಿದ ‘ಕ್ಲಾಪಿಂಗ್ ಮ್ಯೂಸಿಕ್’ನಲ್ಲಿ ಮೂರು ಚಪ್ಪಾಳೆ, ಬಿಡುವು, ಎರಡು, ಬಿಡುವು, ಒಂದು, ಬಿಡುವು, ಎರಡು, ಬಿಡುವು ಎಂದು ಹನ್ನೆರಡು ಮಾತ್ರೆಗಳಾಗುತ್ತವೆ. ಒಬ್ಬರು ಕದಲದೆ ಅದನ್ನೇ ತಟ್ಟುತ್ತಿರಬೇಕು; ಇನ್ನೊಬ್ಬರು ಕೆಲವು ಆವರ್ತಗಳಿಗೊಮ್ಮೆ ಒಂದು ಮಾತ್ರೆ ಮುಂದಕ್ಕೆ ಸರಿಯುತ್ತಾ, ಹನ್ನೆರಡನೆಯ ಸರಿತಕ್ಕೆ ಮತ್ತೆ ಜೊತೆಗೂಡಬೇಕು. ಮೊದಲ ವಾರ ಎಷ್ಟನೆಯ ಸರಿತದಲ್ಲಿ ತಾಳ ತಪ್ಪಿತೆಂದು ದಿನಾಂಕದೊಡನೆ ಬರೆದಿಟ್ಟು, ಮರುದಿನ ಅಲ್ಲಿಂದಲೇ ಮುಂದುವರಿಸಿ.